ಒಂದೇ ಸಿನಿಮಾ ಐದು ಸಲ

ನನ್ನ ಭಾವ ಬೆಪ್ಪ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದೆಲ್ಲ ಸಲೀಸು. ಅವರ ಅಂಗಡಿಗೆ ಬಂದುಹೋಗುವವರಿಗೆ ಇದು ಗೊತ್ತಾಗುತ್ತಿರಲಿಲ್ಲ, ಯಾಕೆಂದರೆ ಅಲ್ಲಿ ಅವರು ಬಾಯಿ ಬಿಡುತ್ತಿದ್ದುದೇ ಕಡಿಮೆ. ಫೋಟೋಗಳಿಗೆ ಕಟ್ಟು ಹಾಕುವುದು ಅವರ ಕಸುಬು. ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಅಗಲದ ಅಂಗಡಿ. ಒಂದು ಗೋಡೆಗೆ ಮರದ ಪಟ್ಟಿಗಳು, ಇನ್ನೊಂದಕ್ಕೆ ಒರಗಿಸಿಟ್ಟ ಗಾಜಿನ ಹಾಳೆಗಳು, ನಡುವೆ ಒಂದು ಮೇಜು, ಮೇಜಿನ ಹಿಂದೆ ಭಾವ. ಗಾಜು ಕೊಯ್ದು ಕೊಯ್ದು ಬೆರಳುಗಳ ಮೇಲೆಲ್ಲ ಬಿಳಿ ಗೀರುಗಳು. ಅಂಟಿನ ವಾಸನೆ ಅವರ ಅಂಗಿಯನ್ನು ಬಿಟ್ಟುಹೋದದ್ದೇ ಇಲ್ಲ.

ಆ ಕಸುಬಿನಲ್ಲಿ ಅವರಿಗೊಂದು ಹಟವಿತ್ತು. ಯಾವ ಕಟ್ಟೇ ಆಗಲಿ, ಅದರ ಮರ ಫೋಟೋದ ಅಂಚನ್ನು ಒಂದಿಷ್ಟು ನುಂಗುತ್ತದೆ. ಬೇರೆ ಅಂಗಡಿಯವರು ಇದನ್ನು ಗಿರಾಕಿಗೆ ಹೇಳುವುದಿಲ್ಲ. ಭಾವ ಹೇಳುತ್ತಿದ್ದರು. ಅಂಚಿನಲ್ಲಿ ಯಾರದಾದರೂ ಭುಜವೋ ಮಗುವಿನ ಕಾಲೋ ಇದ್ದರೆ ಸುತ್ತ ಹೆಚ್ಚಿನ ಕಾಗದ ಅಂಟಿಸಿ, ಮರ ಆ ಕಾಗದವನ್ನು ನುಂಗುವ ಹಾಗೆ ಮಾಡಿ, ಫೋಟೋವನ್ನು ಪೂರ್ತಿ ಉಳಿಸಿ ಕೊಡುತ್ತಿದ್ದರು. ಅದಕ್ಕೆ ಬೇರೆ ಕಾಸು ಕೇಳುತ್ತಿರಲಿಲ್ಲ. ಫೋಟೋದಲ್ಲಿ ನಿಂತವರನ್ನು ಆಚೆ ಹಾಕೋಕೆ ನಾವ್ಯಾರು ಎನ್ನುತ್ತಿದ್ದರು. ಇಂಥ ಮನುಷ್ಯ, ತನ್ನ ಸ್ವಂತ ಹೆಂಡತಿಯನ್ನು ಅಂಚಿನಿಂದಾಚೆ ಹಾಕಿದವರ ಬಾಗಿಲಿಗೆ ಮತ್ತೆ ಮತ್ತೆ ಹೋಗಿ ಕಿಸೆ ಬಿಚ್ಚಿದರು. ಅದಕ್ಕೇ ಬೆಪ್ಪ ಅಂದದ್ದು.

ಬಿಚ್ಚಿಸಿಕೊಂಡವರು ಎಂಥವರು ಎಂಬುದು ನನಗೆ ಚೆನ್ನಾಗಿ ಗೊತ್ತು. ನಾನು ದೊಡ್ಡ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ದೂರಿನ ಕೌಂಟರಿನಲ್ಲಿ ಕೂತವಳು. ಮಾರುವವರು ಮುಂದೆ, ಝಗಝಗ ದೀಪಗಳ ಕೆಳಗೆ. ನಾನು ಹಿಂದೆ, ಗೋದಾಮಿನ ಬಾಗಿಲ ಪಕ್ಕ, ಫ್ಯಾನಿನ ಗಾಳಿಯೂ ತಲುಪದ ಮೂಲೆಯಲ್ಲಿ. ಮುಂದೆ ಹಲ್ಲು ಗಿಂಜಿ ಮಾರಿದ ಸಾಮಾನೆಲ್ಲ ಹಿಂದೆ ನನ್ನ ಹತ್ತಿರ ಹಲ್ಲು ಕಡಿಯುವವರ ಕೈಯಲ್ಲಿ ವಾಪಸು ಬರುತ್ತಿತ್ತು. ಕೂತು ಬೈಸಿಕೊಳ್ಳುವುದಕ್ಕೇ ನನಗೆ ಸಂಬಳ. ಭಾವ ನನ್ನನ್ನು ಕಂಪ್ಲೇಂಟಮ್ಮ ಎಂದು ಕರೆಯುತ್ತಿದ್ದರು. ನಾದಿನಿಯನ್ನು ರೇಗಿಸುವುದೊಂದೇ ಅವರಿಗಿದ್ದ ಚಟ, ಹೋಗಲಿ ಪಾಪ ಎಂದು ಸುಮ್ಮನಿರುತ್ತಿದ್ದೆ.

ಇನ್ನು ಅಕ್ಕನ ವಿಷಯ. ಮದುವೆಗೆ ಮುಂಚೆ ಅಕ್ಕ ಬಲ್ಬ್ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದಳು. ಒಂದು ದಿನ ಅಲ್ಲಿಗೆ ಸಿನಿಮಾದವರು ಬಂದರು. ಪಾಳಿ ಮುಗಿದು ಗೇಟು ತೆರೆಯುತ್ತದೆ, ಹೆಂಗಸರೆಲ್ಲ ಹೊರಗೆ ಬರುತ್ತಾರೆ, ಬಲಗಡೆಯಿಂದ ಹೀರೋ ಗಂಭೀರವಾಗಿ ನಡೆದು ಬರುತ್ತಾನೆ, ಇಷ್ಟೇ ದೃಶ್ಯ. ಯಾರೂ ಕ್ಯಾಮೆರಾ ನೋಡಕೂಡದು, ಹಲ್ಲು ಬಿಡಕೂಡದು ಎಂದು ಎಲ್ಲರಿಗೂ ತಾಕೀತಾಗಿತ್ತು. ಹೀರೋ ಗೇಟಿನ ಹಳಿಗೆ ಕಾಲು ತಗುಲಿ ಮುಗ್ಗರಿಸಿದ. ಎಡಗಡೆಯ ಕಂಬದ ಪಕ್ಕ ನಿಂತಿದ್ದ ಅಕ್ಕ ಊಟದ ಡಬ್ಬಿಯನ್ನು ಎದೆಗೆ ಅವಚಿಕೊಂಡು ಕಿಸಕ್ಕನೆ ನಕ್ಕುಬಿಟ್ಟಳು. ಆ ನಗು ನಿರ್ದೇಶಕನಿಗೆ ಹಿಡಿಸಿ, ಮುಗ್ಗರಿಸಿದ್ದನ್ನೂ ನಕ್ಕಿದ್ದನ್ನೂ ಹಾಗೇ ಇಟ್ಟುಕೊಂಡ.

ಸಿನಿಮಾ ಊರಿಗೆ ಬಂದಾಗ ಅಪ್ಪ ಅಕ್ಕನನ್ನು ಥಿಯೇಟರಿಗೆ ಕಳಿಸಲಿಲ್ಲ. ನಾಲ್ಕು ಜನರೆದುರು ಹಲ್ಲು ಬಿಟ್ಟದ್ದಲ್ಲದೆ ಅದನ್ನು ದುಡ್ಡು ಕೊಟ್ಟು ಬೇರೆ ನೋಡಬೇಕೋ ಎಂದು ಗದರಿದರು. ಅವರ ಕೋಪ ಇಳಿಯುವಷ್ಟರಲ್ಲಿ ಸಿನಿಮಾ ಎತ್ತಂಗಡಿಯಾಗಿತ್ತು. ನೋಡಿಬಂದ ಜೊತೆಗಾತಿಯರು ಎಷ್ಟೋ ದಿನ ಆ ನಗುವಿನ ಮಾತನ್ನೇ ಆಡಿದರು. ಹೀರೋಯಿನ್ನಿಗಿಂತ ನೀನೇ ಚೆನ್ನಾಗಿ ಕಾಣಿಸ್ತೀಯ ಎಂದರು. ಅಕ್ಕ ಮಾತ್ರ ನೋಡಲಿಲ್ಲ. ಆಮೇಲೆ ಕಾರ್ಖಾನೆ ಮುಚ್ಚಿತು, ಜೊತೆಗಾತಿಯರು ಒಬ್ಬೊಬ್ಬರು ಒಂದೊಂದು ಕಡೆ ಹೋದರು, ಅಕ್ಕನ ಮದುವೆಯಾಯಿತು.

ಅಕ್ಕ ಫೋಟೋಗೆ ನಿಂತರೆ ಪರೀಕ್ಷೆಗೆ ಕೂತವಳ ಹಾಗೆ ಬಿಗಿದುಕೊಳ್ಳುತ್ತಾಳೆ. ಊರವರ ನಗುಮುಖಗಳಿಗೆಲ್ಲ ಕಟ್ಟು ಹಾಕುವ ಭಾವನ ಮನೆಯ ಗೋಡೆಯಲ್ಲಿ ಅವರ ಹೆಂಡತಿಯ ನಗುಮುಖ ಒಂದೂ ಇರಲಿಲ್ಲ. ಸಿನಿಮಾದ ಕಥೆ ಕೇಳಿದ ದಿನವೇ ಅವರು ಅಕ್ಕನಿಗೆ ಮಾತು ಕೊಟ್ಟರು: ಆ ನಗುವನ್ನು ನಿನಗೆ ತೋರಿಸುತ್ತೇನೆ. ಮಾತು ಕೊಡುವುದು ಸುಲಭ. ನಗು ಮಾತ್ರ ಬೇರೆಯವರ ಪೆಟ್ಟಿಗೆಯಲ್ಲಿತ್ತು.

ಮೊದಲು ಟೇಪು ಬಂತು. ಥಿಯೇಟರನ್ನೇ ಮನೆಗೆ ತನ್ನಿ ಎಂದು ನಮ್ಮ ಅಂಗಡಿಯ ಮುಂದೆ ಆಳೆತ್ತರದ ಬೋರ್ಡು. ಭಾವ ಟೇಪು ಹಾಕುವ ಮೆಷಿನ್ನನ್ನೂ ಹೊಸ ಟಿವಿಯನ್ನೂ ತಂದರು. ಟೇಪು ತಂದ ದಿನ ನೆಂಟರನ್ನೆಲ್ಲ ಕರೆದರು. ಭಾವನ ಅಕ್ಕ ಬಂದು ಮುಂದಿನ ಕುರ್ಚಿಯಲ್ಲೇ ಕೂತರು. ಅವರು ಈ ಸಿನಿಮಾ ಕಥೆಯನ್ನು ಎಂದೂ ನಂಬಿದವರಲ್ಲ. ಗೇಟು ತೆರೆಯಿತು. ಹೆಂಗಸರು ಬಂದರು. ಹೀರೋ ಮುಗ್ಗರಿಸಿದ. ಎಡಗಡೆ ಕಂಬದ ಅರ್ಧ ಭಾಗ, ಅದರ ಪಕ್ಕದಲ್ಲಿ ಒಂದು ಮೊಣಕೈ. ಅಷ್ಟೇ. ಅದು ನನ್ನದೇ ಮೊಣಕೈ ಎಂದು ಅಕ್ಕ ಹೇಳಿದಳು. ಭಾವನ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ನೆಂಟರ ಬಾಯಲ್ಲಿ ಅಕ್ಕನ ಹೆಸರು ಮೊಣಕೈ ನಾಯಕಿ ಎಂದಾಯಿತು. ಅಕ್ಕನೂ ಅವರ ಜೊತೆ ನಕ್ಕಳು. ಅಡುಗೆಮನೆಗೆ ಹೋದಮೇಲೆ ಅವಳ ಮುಖ ನೋಡಿದ್ದು ನಾನೊಬ್ಬಳೇ.

ಮಾರನೆಯ ದಿನ ಭಾವ ನನ್ನ ಕೌಂಟರಿಗೆ ಬಂದರು. ಕೈಯಲ್ಲೊಂದು ಚೀಲ, ಚೀಲದಲ್ಲಿ ಟಿವಿಯ ಮುಂಭಾಗದ ಪ್ಲಾಸ್ಟಿಕ್ ಚೌಕಟ್ಟು. ಸ್ಕ್ರೂ ಬಿಚ್ಚಿ ಅನಾಮತ್ತಾಗಿ ಕಿತ್ತು ತಂದಿದ್ದರು. ನಾನು ಹಣೆ ಚಚ್ಚಿಕೊಂಡೆ. ಜಗತ್ತಿನಲ್ಲಿ ಟಿವಿ ಇಟ್ಟುಕೊಂಡವರು ಎಷ್ಟೋ ಜನ. ಚಿತ್ರದ ಅಂಚು ಚೌಕಟ್ಟಿನ ಕೆಳಗೆ ಸಿಕ್ಕಿಕೊಂಡಿರಬೇಕು ಎಂದು ಅದನ್ನು ಬಿಚ್ಚಿ ನೋಡಿದವರು ನನ್ನ ಭಾವ ಒಬ್ಬರೇ ಇರಬೇಕು.

‘ಕಟ್ಟು ಅಂದ್ಮೇಲೆ ಅಂಚು ನುಂಗ್ಲೇಬೇಕಲ್ಲ?’ ಎಂದರು. ‘ಬಿಚ್ಚಿದೆ. ಒಳಗೆ ಬರೀ ಬೂದು ಗಾಜು ಇದೆ.’

ಮ್ಯಾನೇಜರು ಬಂದು, ಸೀಲು ಒಡೆದದ್ದರಿಂದ ವಾರಂಟಿ ಮುಗಿಯಿತು ಎಂದು ಹೇಳಿ, ಜಾಣ ನಗು ನಕ್ಕು ಹೋದ. ಆಮೇಲೆ ನಾನು ಭಾವನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಥಿಯೇಟರಿನ ಪರದೆ ಅಗಲ, ಟಿವಿ ಚೌಕ. ಟೇಪು ಮಾಡುವವರು ಎರಡೂ ಪಕ್ಕಗಳನ್ನು ಕತ್ತರಿಸಿ, ನಡುವಿನದನ್ನಷ್ಟೇ ಟೇಪಿಗೆ ಇಳಿಸುತ್ತಾರೆ. ಅಕ್ಕನನ್ನು ಟಿವಿ ನುಂಗಿಲ್ಲ, ಟೇಪಿನಲ್ಲೇ ಅವಳಿಲ್ಲ. ಭಾವ ಬಹಳ ಹೊತ್ತು ಆ ಪ್ಲಾಸ್ಟಿಕ್ಕನ್ನು ತಿರುವಿ ತಿರುವಿ ನೋಡುತ್ತ ಕೂತರು.

‘ಹೇಳ್ದೆ ಕತ್ತರಿಸಿದ್ರಾ?’ ಎಂದು ಕೇಳಿದರು.

ಅವರಿಗೆ ಅದೇ ದೊಡ್ಡದಾಗಿ ಕಂಡದ್ದು. ಕತ್ತರಿಸಿದ್ದಲ್ಲ, ಹೇಳದೆ ಕತ್ತರಿಸಿದ್ದು. ಪುಣ್ಯಾತ್ಮ, ಹೇಳಿ ಕತ್ತರಿಸುವವರಾಗಿದ್ದರೆ ಅವರು ಕಂಪನಿಯನ್ನೇಕೆ ನಡೆಸುತ್ತಿದ್ದರು, ನಿಮ್ಮ ಪಕ್ಕದಲ್ಲಿ ಕೂತು ಕಟ್ಟು ಹಾಕುತ್ತಿದ್ದರು.

ಟೇಪಿನ ನಂತರ ಸಿಡಿ ಬಂತು. ಟೇಪು ಸವೆಯುತ್ತದೆ, ಸಿಡಿ ಸವೆಯುವುದಿಲ್ಲ. ಈಗ ಸಿನಿಮಾ ಪೂರ್ತಿ ನಿಮ್ಮದು ಎಂದು ಬೋರ್ಡು. ಪೂರ್ತಿ ಎಂಬ ಮಾತು ಕಂಡದ್ದೇ ತಡ, ಭಾವ ಓಡಿದರು. ನಾನು ಬೇಡವೆಂದೆ. ಇದೂ ಅದೇ ಚೌಕ ಚಿತ್ರ ಎಂದೆ. ಕೇಳಲಿಲ್ಲ. ಹೊಸ ಮೆಷಿನ್ನು ಬಂತು, ಎರಡು ಸಿಡಿಗಳ ಸಿನಿಮಾ ಬಂತು. ಗೇಟು ತೆರೆಯುತ್ತಿದ್ದ ಹಾಗೆ ಒಂದನೆಯ ಸಿಡಿ ಮುಗಿಯಿತು. ಎರಡನೆಯದು ಶುರುವಾಗುವುದು ಹೀರೋ ತನ್ನ ಮನೆಯಲ್ಲಿ ಕಾಫಿ ಕುಡಿಯುವಲ್ಲಿಂದ. ಎರಡು ಸಿಡಿಯಲ್ಲಿ ಹಿಡಿಸಬೇಕೆಂದು ನಡುವಿನದನ್ನು ಹಾರಿಸಿಬಿಟ್ಟಿದ್ದರು. ಈ ಸಲ ಮೊಣಕೈಯೂ ಇಲ್ಲ. ಅಕ್ಕ ಎದ್ದು, ಅಷ್ಟಾದರೂ ಇತ್ತು, ಅದನ್ನೂ ಕಿತ್ತುಕೊಂಡರಲ್ಲ ಎಂದಳು. ನಗಲಿಲ್ಲ.

ಆಮೇಲೆ ಡಿವಿಡಿ. ಇಲ್ಲಿ ಕಂಪನಿಯವರ ಕೈಚಳಕ ಇನ್ನೂ ನಯವಾಯಿತು. ಮೊದಲು ಸಾದಾ ಆವೃತ್ತಿ ಬಂತು. ದೃಶ್ಯ ಇತ್ತು, ಚಿತ್ರ ಚೌಕ, ಮೊಣಕೈ ವಾಪಸು. ಎಲ್ಲರೂ ಕೊಂಡಾದಮೇಲೆ, ಅದೇ ಸಿನಿಮಾದ ವಿಶೇಷ ಆವೃತ್ತಿ ಬಂತು. ಥಿಯೇಟರಿನಲ್ಲಿದ್ದ ಪೂರ್ತಿ ಅಗಲದ ಚಿತ್ರ ಎಂದು ಡಬ್ಬಿಯ ಮೇಲೇ ಅಚ್ಚಾಗಿತ್ತು. ಅಂದರೆ ಮೊದಲಿನದು ಪೂರ್ತಿ ಅಲ್ಲ ಎಂದು ಅವರೇ ಒಪ್ಪಿಕೊಂಡ ಹಾಗಾಯಿತು, ಅದೂ ನಾಚಿಕೆಯಿಲ್ಲದೆ, ಹೊಳೆಯುವ ಅಕ್ಷರಗಳಲ್ಲಿ. ಸಾದಾ ಕೊಂಡವರು ನನ್ನ ಕೌಂಟರಿಗೆ ಬಂದು ಬಾಯಿಗೆ ಬಂದ ಹಾಗೆ ಬೈದರು. ಬೈದವರೆಲ್ಲ ಹೋಗುವಾಗ ಮುಂದಿನ ಕೌಂಟರಿನಲ್ಲಿ ವಿಶೇಷ ಆವೃತ್ತಿ ಕೊಂಡೇ ಹೋದರು. ಇಂಥವರಿಗೆ ಟೋಪಿ ಹಾಕುವುದಕ್ಕೆ ಬುದ್ಧಿವಂತಿಕೆಯೂ ಬೇಡ ಎಂದು ನನಗೆ ಅನ್ನಿಸಿತು.

ವಿಶೇಷ ಆವೃತ್ತಿಯಲ್ಲಿ ಅಕ್ಕ ಇದ್ದಳು. ಇದ್ದಳು ಎಂದರೆ, ಚೌಕ ಟಿವಿಯಲ್ಲಿ ಅಗಲದ ಚಿತ್ರವನ್ನು ಕೂರಿಸಿ ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟಿದ್ದರಲ್ಲ, ಆ ನಡುವಿನ ಗೆರೆಯಲ್ಲಿ ಸಾಸಿವೆ ಕಾಳಿನಷ್ಟು. ಭಾವ ಅಂಗಡಿಯ ಭೂತಗನ್ನಡಿ ತಂದು ಟಿವಿಗೆ ಹಿಡಿದರು. ಬಣ್ಣದ ಚುಕ್ಕೆಗಳು ಕಂಡವು. ದೊಡ್ಡ ಟಿವಿ ಬೇಕು ಎಂದು ಅಂಗಡಿಯವರು ಹೇಳಿದರು. ಅಗಲದ ದೊಡ್ಡ ಟಿವಿ ಬಂದು ಗೋಡೆಯ ಅರ್ಧ ತಿಂದಿತು. ಚುಕ್ಕೆ ದೊಡ್ಡದಾಯಿತು, ಮುಖ ಆಗಲಿಲ್ಲ. ಕೂದಲಿದೆ, ಡಬ್ಬಿಯಿದೆ, ಕೂದಲಿನ ಕೆಳಗೆ ಒಂದು ಮಸುಕು. ಡಿವಿಡಿಯಲ್ಲಿ ಇಷ್ಟೇ ಹಿಡಿಯುವುದು, ಇನ್ನೂ ಸ್ಪಷ್ಟ ಬೇಕಾದರೆ ಹೊಸ ನಮೂನೆಯ ಡಿಸ್ಕ್ ಬರಲಿದೆ ಎಂದು ಅದೇ ಅಂಗಡಿಯವರು ಅದೇ ಬಾಯಲ್ಲಿ ಹೇಳಿದರು. ಒಬ್ಬ ಮನುಷ್ಯನ ಮೂಗಿಗೆ ಇಷ್ಟು ವರ್ಷ ತುಪ್ಪ ಸವರಬಹುದು ಎಂದು ನಾನು ಅಂದುಕೊಂಡಿರಲಿಲ್ಲ.

ಇದರ ಗುಟ್ಟು ನನಗೆ ತಿಳಿದದ್ದು ಲಾಂಚಪ್ಪನಿಂದ. ಆತ ನಮ್ಮ ಅಂಗಡಿಗೆ ಮೆಷಿನ್ನನ್ನೂ ಡಿಸ್ಕನ್ನೂ ಕಳಿಸುವ ಕಂಪನಿಯ ಪ್ರತಿನಿಧಿ. ಯಾವುದನ್ನೇ ಕೇಳಿದರೂ ಲಾಂಚ್ ಆಗಲಿ, ಲಾಂಚ್ ಆದಮೇಲೆ ನೋಡೋಣ ಎನ್ನುತ್ತಿದ್ದರಿಂದ ನಾವು ಇಟ್ಟ ಹೆಸರು ಅದು. ಚಹಾದ ಹೊತ್ತಿಗೆ ನನ್ನ ಮೂಲೆಗೆ ಬಂದು ನಿಲ್ಲುತ್ತಿದ್ದ, ಯಾಕೆಂದರೆ ಚಹಾದ ಕೆಟಲು ಅಲ್ಲಿತ್ತು. ಒಂದು ದಿನ ಕೇಳಿಯೇಬಿಟ್ಟೆ. ಚಿತ್ರವನ್ನು ಹೀಗೆ ತುಂಡು ತುಂಡಾಗಿ ಯಾಕೆ ಬಿಡುತ್ತೀರಿ, ಪೂರ್ತಿಯದು ನಿಮ್ಮ ಹತ್ತಿರ ಇಲ್ಲವೇ ಎಂದು. ಇಲ್ಲದೆ ಏನು ಎಂದ. ಮೂಲ ಪ್ರಿಂಟು ಮೊದಲ ದಿನದಿಂದ ಪೂರ್ತಿ ಅಗಲದಲ್ಲಿ, ಕೂದಲೆಳೆ ಕಾಣುವಷ್ಟು ಸ್ಪಷ್ಟವಾಗಿ ತಂಪು ಕೋಣೆಯಲ್ಲಿದೆಯಂತೆ. ಟೇಪಿಗೆ ಇಳಿಸುವಾಗಲೂ ಅದನ್ನೇ ಎದುರಿಗಿಟ್ಟುಕೊಂಡು ಪಕ್ಕಗಳನ್ನು ಕತ್ತರಿಸಿದ್ದಂತೆ. ಪೂರ್ತಿ ಅಗಲವನ್ನು ಟೇಪಿನಲ್ಲೂ ಕೊಡಬಹುದಿತ್ತು, ಕೇಳಿದವರಿಗೆ ದೊಡ್ಡ ಪರದೆಯಲ್ಲಿ ತೋರಿಸಲೂಬಹುದಿತ್ತು. ಮೆಷಿನ್ನು ಮಾಡುವವರೂ ಸಿನಿಮಾ ಬಿಡುವವರೂ ಒಂದೇ ಮೇಜಿನ ಸುತ್ತ ಕೂತು, ಯಾವ ಮೆಷಿನ್ನಿನ ಜೊತೆ ಎಷ್ಟು ಬಿಡಬೇಕು ಎಂದು ಹಂಚಿಕೊಳ್ಳುತ್ತಾರೆ. ಲಾಂಚಪ್ಪ ಇದನ್ನೆಲ್ಲ ಹೆಮ್ಮೆಯಿಂದಲೇ ಹೇಳಿದ.

‘ಎಲ್ಲಾ ಒಂದೇ ಸಲ ಕೊಟ್ಬಿಟ್ರೆ ಮುಂದಿನ ಮೆಷಿನ್ ಯಾರು ತಗೋತಾರೆ ಮೇಡಂ?’ ಎಂದ, ಚಹಾಗೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಳ್ಳುತ್ತ.

ಅವನ ಚಹಾ ನನ್ನ ಮೂಲೆಯಲ್ಲಿ ಅವತ್ತೇ ಕೊನೆ. ಕೆಟಲನ್ನು ಎತ್ತಿ ಮ್ಯಾನೇಜರನ ಕೋಣೆಯಲ್ಲಿಟ್ಟೆ. ಅದರಿಂದ ಕಂಪನಿ ಮುಳುಗಲಿಲ್ಲ, ನನಗೂ ಗೊತ್ತು.

ಭಾವನಿಗೆ ಇದನ್ನು ಹೇಳಿದೆ. ಹೇಳಿದರೆ ಬುದ್ಧಿ ಬರುತ್ತದೆ ಎಂದುಕೊಂಡೆ. ಅವರು ಗಾಜು ಕೊಯ್ಯುವುದನ್ನು ನಿಲ್ಲಿಸಿ, ಹಾಗಾದರೆ ಅವಳ ನಗು ಎಲ್ಲೋ ಒಂದು ಕಡೆ ಪೂರ್ತಿ ಇದೆ ಅಂತಾಯಿತು ಎಂದರು. ನಾನು ಅಷ್ಟೆಲ್ಲ ಬಾಯಿ ಬಡಿದುಕೊಂಡದ್ದರಲ್ಲಿ ಅವರ ಕಿವಿಗೆ ಬಿದ್ದದ್ದು ಅದೊಂದೇ ಮಾತು. ಇವರಿಗೆ ಏನು ಹೇಳಲಿ?

ಹೊಸ ನಮೂನೆಯ ಡಿಸ್ಕ್ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾಯಿಸಿದರು. ಎರಡು ಕಂಪನಿಗಳು ತಂತಮ್ಮ ನಮೂನೆಯೇ ಗೆಲ್ಲಬೇಕೆಂದು ಕಚ್ಚಾಡುತ್ತಿದ್ದವು. ಯಾರು ಗೆಲ್ಲುತ್ತಾರೋ ಅವರ ಮಡಿಲಿಗೆ ಸಿನಿಮಾ ಹಾಕೋಣ ಎಂದು ಸಿನಿಮಾದವರು ಬೇಲಿ ಮೇಲೆ ಕೂತಿದ್ದರು. ಈ ದೊಡ್ಡ ಮನುಷ್ಯರ ಜಗಳ ಮುಗಿಯುವುದರೊಳಗೆ ಅಕ್ಕನ ಕಣ್ಣು ಕೆಟ್ಟಿತು.

ಮೊದಲು ಸೂಜಿಗೆ ದಾರ ಪೋಣಿಸುವಾಗ ತೊಂದರೆಯಾಯಿತು. ಆಮೇಲೆ ಕನ್ನಡಿಯಲ್ಲಿ ಮುಖದ ನಡುವೆ ಒಂದು ಕಪ್ಪು ಕಲೆ ಕಾಣುತ್ತದೆ ಎಂದಳು. ಕನ್ನಡಿ ಒರೆಸಿದಳು, ಕನ್ನಡಕ ಬದಲಿಸಿದಳು, ಕಲೆ ಹೋಗಲಿಲ್ಲ. ಕಣ್ಣಿನ ಡಾಕ್ಟರು ಒಳಪರದೆಯ ನಡುಭಾಗ ಸವೆಯುತ್ತಿದೆ ಎಂದರು. ನಡುವಿನ ನೋಟ ಹೋಗುತ್ತದೆ, ಅಂಚಿನಲ್ಲಿ ಮಸುಕಾಗಿ ಒಂದಿಷ್ಟು ಉಳಿಯಬಹುದು. ಎಷ್ಟು ದಿನ ಎಂದು ಹೇಳಲಾಗುವುದಿಲ್ಲ, ವಾಸಿ ಮಾಡಲಾಗುವುದಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದೆವು. ಅಕ್ಕ ಬಾಗಿಲ ಬೀಗ ತೆಗೆಯುತ್ತ ಹೇಳಿದಳು:

‘ಪೂರ್ತಿ ಮುಚ್ಚೋದ್ರೊಳಗೆ ಆ ದರಿದ್ರ ನಗು ಒಂದು ಸಲ ನೋಡ್ಬಿಡ್ತೀನಿ. ಆಮೇಲೆ ಏನಾದ್ರೂ ಆಗ್ಲಿ.’

ಅಲ್ಲಿಯವರೆಗೆ ಅದು ಭಾವನ ಹಟವಾಗಿತ್ತು, ನನಗೆ ತಮಾಷೆಯಾಗಿತ್ತು. ಅವತ್ತಿನಿಂದ ಅದು ನನ್ನ ಹಟವೂ ಆಯಿತು. ಅಕ್ಕ ಬೇರೇನೂ ಕೇಳುವವಳಲ್ಲ. ಕೇಳಿದ್ದು ಇದೊಂದು, ಅದೂ ತನ್ನದೇ ಮುಖ.

ಕೊನೆಗೂ ಒಬ್ಬರು ಗೆದ್ದರು. ಹೊಸ ಡಿಸ್ಕುಗಳು ಬಂದವು. ನಮ್ಮ ಗೋದಾಮಿಗೇ ಬಂದವು, ನನ್ನ ಕುರ್ಚಿಯ ಹಿಂದಿನ ಬಾಗಿಲಿನಾಚೆ, ರಟ್ಟಿನ ಪೆಟ್ಟಿಗೆಗಳಲ್ಲಿ. ಪೆಟ್ಟಿಗೆಯ ಮೇಲೆ ಸಿನಿಮಾದ ಹೆಸರು ದಪ್ಪಕ್ಷರದಲ್ಲಿತ್ತು, ಅದರ ಮೇಲೆ ಕೆಂಪು ಪಟ್ಟಿ: ಲಾಂಚಿಗೆ ಮುಂಚೆ ತೆರೆಯಕೂಡದು. ನಾನು ಮ್ಯಾನೇಜರನ ಬಳಿ ಹೋದೆ. ಒಂದೇ ಒಂದು ಡಿಸ್ಕ್, ಅಂಗಡಿಯ ಪ್ರದರ್ಶನದ ಮೆಷಿನ್ನಿನಲ್ಲಿ ಒಂದು ದೃಶ್ಯ ನೋಡಿ ವಾಪಸು ಇಡುತ್ತೇವೆ ಎಂದು ಕೈ ಮುಗಿದು ಕೇಳಿದೆ. ಆತ ಕೆಟ್ಟವನೇನಲ್ಲ, ಪುಕ್ಕಲ. ಒಂದು ಪೆಟ್ಟಿಗೆ ಒಡೆದದ್ದು ಗೊತ್ತಾದರೂ ಏಜೆನ್ಸಿ ಹೋಗುತ್ತದೆ, ಪ್ರದರ್ಶನದ ಮೆಷಿನ್ನಿಗೂ ಸೀಲು ಹಾಕಿದ್ದಾರೆ ಎಂದ. ಕದಿಯುವ ಯೋಚನೆ ಬರಲಿಲ್ಲವೇ ಎಂದರೆ, ಬಂತು. ಕದ್ದು ಏನು ಮಾಡಲಿ? ಮನೆಯಲ್ಲಿದ್ದ ಯಾವ ಮೆಷಿನ್ನಿನಲ್ಲೂ ಆ ಡಿಸ್ಕ್ ಓಡುವುದಿಲ್ಲ. ಬೀಗವೂ ಅವರದೇ, ಬೀಗದ ಕೈಯೂ ಅವರದೇ.

ಮಾತಾಡಿಸುವುದಿಲ್ಲ ಎಂದುಕೊಂಡಿದ್ದ ಲಾಂಚಪ್ಪನನ್ನೂ ಮಾತಾಡಿಸಿದೆ. ಅಕ್ಕನ ಕಣ್ಣಿನ ವಿಷಯ ಹೇಳಿದೆ. ಆತ ಅಯ್ಯೋ ಪಾಪ ಎಂದು ತುಟಿ ಲೊಚಗುಟ್ಟಿದ. ಲಾಂಚಿನ ದಿನ ಅಕ್ಕನನ್ನು ಕರೆದುಕೊಂಡು ಬನ್ನಿ, ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸುತ್ತೇನೆ, ಬೇಕಾದರೆ ಫೋಟೋ ಕೂಡ ತೆಗೆಸೋಣ, ಕಂಪನಿಗೆ ಒಳ್ಳೆಯ ಪ್ರಚಾರ ಎಂದ. ಥೂ, ಅವನ ಜನ್ಮಕ್ಕಿಷ್ಟು. ಬಾಯವರೆಗೆ ಬಂದದ್ದನ್ನು ಅಕ್ಕನಿಗೋಸ್ಕರ ನುಂಗಿಕೊಂಡೆ. ಅವನು ಅಷ್ಟರಲ್ಲಿ ಯಾರಿಗೋ ಫೋನು ಮಾಡುತ್ತಿದ್ದ.

ಲಾಂಚು ಮುಂದಕ್ಕೆ ಹೋಯಿತು. ಹಳೆಯ ಡಿವಿಡಿ ಮೆಷಿನ್ನುಗಳು ಅಂಗಡಿಗಳಲ್ಲಿ ಇನ್ನೂ ಉಳಿದಿದ್ದವು. ಅವು ಖಾಲಿಯಾಗುವ ಮೊದಲೇ ಹೊಸದನ್ನು ಬಿಟ್ಟರೆ ಹಳೆಯದನ್ನು ಮೂಸುವವರಿಲ್ಲ. ಆದ್ದರಿಂದ ವರ್ಷದ ಕೊನೆಯ ರಜೆಗೆ, ಜನ ಕೈಬಿಚ್ಚಿ ಕೊಳ್ಳುವ ಹೊತ್ತಿಗೆ ಬಿಡೋಣ ಎಂದು ಮೇಲಿನವರು ತೀರ್ಮಾನಿಸಿದರಂತೆ. ನಾನು ದಿನಾ ಆ ಪೆಟ್ಟಿಗೆಗಳಿಗೆ ಬೆನ್ನು ಕೊಟ್ಟು ಕೂತು ಬೇರೆಯವರ ದೂರು ಕೇಳುತ್ತಿದ್ದೆ. ಮನೆಯಲ್ಲಿ ಅಕ್ಕ ಚೊಂಬಿಗೆ ನೀರು ಹಾಕುವಾಗ ಬೆರಳು ಅದ್ದಿ ನೋಡತೊಡಗಿದಳು. ಭಾವನ ಮುಖ ಸ್ಪಷ್ಟವಾಗಿ ಕಾಣುವುದಿಲ್ಲ, ಆದರೆ ಅವರು ಬಾಗಿಲಲ್ಲಿ ನಿಂತದ್ದು ಗೊತ್ತಾಗುತ್ತದೆ ಎಂದಳು. ಆಮೇಲಾಮೇಲೆ ಅದನ್ನೂ ಹೇಳುವುದು ಬಿಟ್ಟಳು.

ಭಾವನ ಅಕ್ಕ ಒಂದು ದಿನ ಬಂದು ಅಕ್ಕನ ಪಕ್ಕ ಕೂತು ಕೈ ಹಿಡಿದುಕೊಂಡು, ನಾನು ಏನೇನೋ ಅಂದುಬಿಟ್ಟೆ ಕಣಮ್ಮ ಎಂದು ಅತ್ತರು. ಮೊಣಕೈ ನಾಯಕಿ ಎಂದವರೇ. ಅಕ್ಕ, ಅಯ್ಯೋ ಬಿಡಿ ಅತ್ತಿಗೆ, ಮೊಣಕೈ ಚೆನ್ನಾಗೇ ಇತ್ತು ಎಂದಳು. ಅಳುತ್ತಿದ್ದವರು ನಕ್ಕರು. ನನಗೆ ಮಾತ್ರ ಆ ಅಳುವೂ ಹಿಡಿಸಲಿಲ್ಲ, ನಗುವೂ ಹಿಡಿಸಲಿಲ್ಲ.

ಕೊನೆಗೂ ಲಾಂಚು ಬಂತು. ಬಲೂನು, ಬ್ಯಾಂಡು, ಕತ್ತರಿಸಲಿಕ್ಕೊಂದು ರಿಬ್ಬನ್ನು. ಡಿಸ್ಕನ್ನು ಬಿಡಿಯಾಗಿ ಮಾರುವುದಿಲ್ಲ, ಮೊದಲಿಗೆ ಮೆಷಿನ್ನಿನ ಜೊತೆಗೇ ಎಂದು ಲಾಂಚಪ್ಪ ಮೈಕಿನಲ್ಲಿ ಹೇಳಿದಾಗ ಜನ ಚಪ್ಪಾಳೆ ತಟ್ಟಿದರು. ತಮ್ಮ ಕಿವಿಗೆ ಹೂ ಇಡುವವನಿಗೇ ಚಪ್ಪಾಳೆ. ಸಾಲಿನಲ್ಲಿ ಮೊದಲು ನಿಂತಿದ್ದವರು ನನ್ನ ಭಾವ. ಬೆಲೆ ಕೂಡ ಕೇಳಲಿಲ್ಲ. ಪೆಟ್ಟಿಗೆಯನ್ನು ಎದೆಗವಚಿಕೊಂಡು ಮನೆಗೆ ಹೋದರು. ಬಿಚ್ಚಿದರೆ ಎಲ್ಲವೂ ಇತ್ತು, ಟಿವಿಗೆ ಜೋಡಿಸುವ ಕೇಬಲ್ ಇರಲಿಲ್ಲ. ಅದನ್ನು ಬೇರೆ ಕೊಳ್ಳಬೇಕು. ನಾನೇ ಅಂಗಡಿಗೆ ವಾಪಸು ಹೋಗಿ, ಕಡ್ಡಿಯಷ್ಟು ತಂತಿಗೆ ಕಂಬದಷ್ಟು ಬೆಲೆ ಕೊಟ್ಟು ತಂದೆ.

ಭಾವ ಕಿಟಕಿಯ ಪರದೆ ಎಳೆದರು. ಅಕ್ಕನ ಕುರ್ಚಿಯನ್ನು ಟಿವಿಗೆ ಮೂಗು ತಗಲುವಷ್ಟು ಹತ್ತಿರ ಇಟ್ಟರು. ಮೊದಲು ಮುಂದೆ ಬರಲಿರುವ ಡಿಸ್ಕುಗಳ ಜಾಹೀರಾತು, ಅದನ್ನು ಹಾರಿಸಲಿಕ್ಕೂ ಬಿಡಲಿಲ್ಲ. ಆಮೇಲೆ ಸಿನಿಮಾ. ಭಾವ ರಿಮೋಟು ಒತ್ತಿ ಒತ್ತಿ ಗೇಟಿನ ದೃಶ್ಯಕ್ಕೆ ತಂದರು.

ಗೇಟು ತೆರೆಯಿತು. ಹೆಂಗಸರು ಬಂದರು. ಬಲಗಡೆ ಹೀರೋ ಮುಗ್ಗರಿಸಿದ. ಎಡಗಡೆ ಬಣ್ಣ ಎದ್ದ ಕಂಬ, ಕಂಬದ ಪಕ್ಕ ನನ್ನ ಅಕ್ಕ. ಪೂರ್ತಿ. ತಲೆಗೆ ಕಟ್ಟಿದ ಬಟ್ಟೆಯಿಂದ ಜಾರಿದ ಕೂದಲು, ಏಪ್ರನ್ನಿನ ಜೇಬಿನ ಹೊಲಿಗೆ, ಡಬ್ಬಿಯ ಮುಚ್ಚಳದ ನೆಗ್ಗು. ಒಂದರ ಮೇಲೊಂದು ಹತ್ತಿದ ಎರಡು ಹಲ್ಲುಗಳನ್ನು ಮುಚ್ಚಿಕೊಳ್ಳುವುದನ್ನೂ ಮರೆತು ನಗುತ್ತಿದ್ದಳು. ಇಂಥ ನಗುವನ್ನು ನಾನು ಅವಳ ಮುಖದಲ್ಲಿ ಚಿಕ್ಕಂದಿನಲ್ಲಿ ಕಂಡಿದ್ದೆ, ಮರೆತೇಬಿಟ್ಟಿದ್ದೆ. ಭಾವ ಚಿತ್ರವನ್ನು ಅಲ್ಲೇ ನಿಲ್ಲಿಸಿದರು. ಅವರು ಅದನ್ನು ಮೊದಲ ಸಲ ನೋಡುತ್ತಿದ್ದರು. ನೆಲದ ಮೇಲೆ ಕೂತುಬಿಟ್ಟರು.

ಅಕ್ಕ ಮುಖವನ್ನು ಬಲಕ್ಕೆ ತಿರುಗಿಸಿದಳು, ಎಡಕ್ಕೆ ತಿರುಗಿಸಿದಳು. ಕಣ್ಣಿನ ಅಂಚಿನಲ್ಲಿ ಹಿಡಿಯಲು ನೋಡಿದಳು. ಕೈ ಚಾಚಿ ಗಾಜನ್ನು ಮುಟ್ಟಿದಳು. ಮುಟ್ಟಿದ್ದು ಹೀರೋನ ಮೇಲೆ. ಬೆಳಕು ಕಾಣುತ್ತದೆ ಎಂದಳು. ಮತ್ತೇನಾದರೂ ಎಂದು ನಾನು ಕೇಳಿದೆ. ಬೆಳಕು ಅಷ್ಟೇ ಎಂದಳು. ನಾನು ಅವಳ ಕೈ ಹಿಡಿದು ಎಡಗಡೆಗೆ ಸರಿಸಿ, ಕಂಬ, ಬಟ್ಟೆ, ಡಬ್ಬಿ, ಹಲ್ಲು ಎಲ್ಲವನ್ನೂ ಹೇಳಿದೆ.  

‘ಇದನ್ನ ಈಗ ಹೊಸದಾಗಿ ಸರಿ ಮಾಡಿದ್ದಾ?’ ಎಂದು ಕೇಳಿದಳು.

ಹೌದು ಎಂದುಬಿಡಬಹುದಿತ್ತು. ಭಾವ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದರು. ಅವರಿಬ್ಬರಿಗೂ ಇಷ್ಟು ವರ್ಷ ಸುಳ್ಳು ಹೇಳಿದವರು ಸಾಕಷ್ಟು ಜನ ಇದ್ದರು, ನಾನೂ ಒಬ್ಬಳು ಸೇರಿಕೊಳ್ಳಲು ಮನಸ್ಸಾಗಲಿಲ್ಲ.

‘ಇಲ್ಲಕ್ಕ. ಮೊದಲಿಂದಾನೂ ಹೀಗೇ ಇತ್ತು.’

‘ಟೇಪಿನ ಕಾಲದಲ್ಲೂ?’

‘ಆಗ್ಲೂ ಇತ್ತು.’

ಅಕ್ಕ ಗಾಜಿನ ಮೇಲಿನಿಂದ ಕೈ ತೆಗೆದಳು.

‘ಆಗ ನನಗೆ ಕಣ್ಣೂ ಇತ್ತು ಕಣೆ’ ಎಂದಳು.